ವಲ್ಲಿಯ ಕೆಳಗೆ ಹೇಳಿದ ಬೆಲೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಲು ಇಟ್ಟು, ಅದು ಉಕ್ಕಿ ಬರುವುದರೊಳಗೆ ಪಡಸಾಲೆ ಗುಡಿಸಿಬಿಡೋಣ ಎಂದು ಕಸಬರಿಗೆ ಹಿಡಿದೆ. ಜಮಖಂಡಿಯ ನಮ್ಮ ಮನೆಯ ಪಡಸಾಲೆ ದೊಡ್ಡದೇನಲ್ಲ. ಬಾಗಿಲಿನಿಂದ ಶುರು ಮಾಡಿದರೆ ಕಿಟಕಿ, ಟಿವಿ, ಮಡಚುವ ಮಂಚ, ಕೊನೆಗೆ ಮೂಲೆಯಲ್ಲಿ ಅಪ್ಪನ ಪೇಟಿ. ಕುರ್ಚಿಯ ಮೇಲೆ ಕೂತು, ಕಾಲಿನಿಂದ ತುಳಿಯುತ್ತ ಎರಡೂ ಕೈಯಲ್ಲಿ ಬಾರಿಸುವ ಹಾರ್ಮೋನಿಯಂ ಅದು. ಹಳೆಯ ನಾಟಕ ಕಂಪನಿಗಳಲ್ಲಿ ಇರುತ್ತಿತ್ತಲ್ಲ, ಅಂಥದು. ನಾಲ್ಕು ಕಾಲಿನ ಸಾಗವಾನಿ ಮೇಜಿನ ಹಾಗೆ ಕಾಣುತ್ತದೆ. ಕೆಳಗಿನ ಎರಡು ತುಳಿಹಲಗೆಗಳ ಮೇಲೆ ಜಮಖಾನದ ತುಂಡು ಬಡಿದಿದೆ. ಬಲಗಡೆಯ ತುಂಡು ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ತೂತಾಗಿದೆ. ಗುಡಿಸಲು ಬಗ್ಗಿದಾಗಲೆಲ್ಲ ಆ ತೂತು ನೋಡುವುದು ನನ್ನ ರೂಢಿ. ಅಪ್ಪ ತೀರಿಕೊಂಡ ಮೇಲೆ ಅವನ ಕಾಲಿನ ಗುರುತು ಉಳಿದದ್ದು ಅಲ್ಲೊಂದೇ.

ಅಂದು ಬೆಳಿಗ್ಗೆ ಆ ಪೇಟಿಯ ಹರಾಜು ಮುಗಿಯುವುದಿತ್ತು. ಫೋನಿನೊಳಗಿನ ಹರಾಜು. ಆದರೂ ನಾನು ನಿಶ್ಚಿಂತೆಯಿಂದ ಅದರ ಕೆಳಗಿನ ದೂಳು ಗುಡಿಸಿದೆ. ಏಕೆಂದರೆ ಪೇಟಿ ಮಾರಾಟವಾಗದ ಹಾಗೆ ನಾನು ಬಂದೋಬಸ್ತು ಮಾಡಿಟ್ಟಿದ್ದೆ.

ಮಾರುವ ಮಾತು ತೆಗೆದವನು ಅಣ್ಣ. ಅಪ್ಪನ ಹೊಲ ಹಿಪ್ಪರಗಿಯ ಕಡೆ ಇತ್ತು. ಅದೆಲ್ಲ ಅಪ್ಪ ಇದ್ದಾಗಲೇ ಹಂಚಿಕೆಯಾಗಿತ್ತು. ಉಳಿದದ್ದು ಈ ಪೇಟಿ. ಅಣ್ಣನ ಮುಧೋಳದ ಮನೆಯಲ್ಲಿ ಜಾಗವಿಲ್ಲವೆಂದು ನನ್ನ ಮನೆಗೆ ಬಂದಿತ್ತು. ‘ಇಬ್ಬರದೂ ಐತಿ, ನಿನ್ನ ಕಡೆ ಇರಲಿ’ ಎಂದು ಆಗ ಅವನೇ ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸಿದ್ದ. ಈ ವರ್ಷ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದು, ನಾನು ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಳ್ಳುತ್ತ ಹೇಳಿದ:

‘ತಂಗೀ, ಇದನ್ನ ಯಾರೂ ಬಾರಸೂದಿಲ್ಲ, ಏನಿಲ್ಲ. ಒಳಗ ಹುಳ ಬಿದ್ದು ಹಾಳಾಕ್ಕೈತಿ. ಮಾರಿ ಅರ್ಧ ಅರ್ಧ ಮಾಡ್ಕೊಳ್ಳೂಣು.’

‘ಬ್ಯಾಡ ಅಣ್ಣಾ. ಇರಲಿ ಬಿಡು, ಅದೇನ ಅನ್ನಾ ಕೇಳತೈತೇನು?’

‘ಅರ್ಧ ನಂದೂ ಐತಿ ಬೇ.’

ಅವನು ಅದನ್ನು ನಗುತ್ತಲೇ ಹೇಳಿದ್ದ. ನಾನು ಮಜ್ಜಿಗೆಯ ಲೋಟ ಎತ್ತಿಕೊಂಡು ಒಳಗೆ ಹೋದೆ. ಬೇಡ ಎನ್ನುವುದು ನನಗೆ ಮೊದಲಿನಿಂದಲೂ ಕಷ್ಟ. ಬೆಳಗಾವಿಯಲ್ಲಿ ಸಿಸ್ಟರ್‌ಗಳ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ನಮಗೆ ಮೊದಲು ಕಲಿಸಿದ್ದು ದನಿ ಎತ್ತರಿಸದೆ ಮಾತಾಡುವುದನ್ನು. ಹಾಗೆ ಮಾತಾಡುತ್ತ ಮಾತಾಡುತ್ತ, ಎಷ್ಟೋ ಸಲ ನನ್ನ ಮಾತು ಎದುರಿನವರಿಗೆ ಕೇಳಿಸುವುದೇ ಇಲ್ಲ.

ಹಳೆಯ ವಸ್ತುಗಳನ್ನು ಹರಾಜಿಗಿಡುವ ಜಾಲತಾಣದ ಸುದ್ದಿ ತಂದವನೂ ಅಣ್ಣನೇ. ‘ನಿನಗ ಇಂಗ್ಲಿಷ್ ಬರತೈತಿ, ನೀನ ಹಾಕು’ ಎಂದ. ನಿಯಮಗಳನ್ನೆಲ್ಲ ಕೂತು ಓದಿದೆ. ಅಲ್ಲಿ ರಿಸರ್ವ್ ಬೆಲೆ ಎಂಬುದೊಂದಿತ್ತು. ಮಾರುವವರು ತಮ್ಮ ಮನಸ್ಸಿನ ಕನಿಷ್ಠ ಬೆಲೆಯನ್ನು ಮೊದಲೇ ಬರೆದಿಡಬಹುದು. ಅದು ಬೇರೆ ಯಾರಿಗೂ ಕಾಣುವುದಿಲ್ಲ. ಕೂಗುವವರಿಗೆ ‘ರಿಸರ್ವ್ ಇನ್ನೂ ಮುಟ್ಟಿಲ್ಲ’ ಎಂದಷ್ಟೇ ಕಾಣುತ್ತದೆ. ಹರಾಜು ಅದಕ್ಕಿಂತ ಕೆಳಗೆ ನಿಂತರೆ ವಸ್ತು ಮಾರಾಟವಾಗುವುದಿಲ್ಲ, ಮಾರುವವರ ಮನೆಯಲ್ಲೇ ಉಳಿಯುತ್ತದೆ. ಓದುತ್ತಿದ್ದ ಹಾಗೆ ನನ್ನ ಎದೆ ಹಗುರಾಯಿತು. ಅಣ್ಣನಿಗೂ ಬೇಡ ಅನ್ನಬೇಕಿಲ್ಲ, ಪೇಟಿಯೂ ಹೋಗುವುದಿಲ್ಲ. ಯಾರೂ ಕೊಡಲಾರದ ಬೆಲೆ ಬರೆದಿಟ್ಟರೆ ಆಯಿತು.

ಇನ್ನೊಂದು ಮಧ್ಯಾಹ್ನ ಬಂದ ಅಣ್ಣನಿಗೆ ಇದನ್ನು ವಿವರಿಸಿದಾಗ ಅವನು ತೊಡೆ ತಟ್ಟಿಕೊಂಡು ನಕ್ಕ.

‘ಅಂದ್ರ ವಲ್ಲಿ ವ್ಯಾಪಾರ ಅನ್ನು!’

ಹೌದಲ್ಲ ಎನಿಸಿತು. ನಾವು ಸಣ್ಣವರಿದ್ದಾಗ ಅಪ್ಪ ಎತ್ತು ಕೊಳ್ಳಲು ಮುಧೋಳದ ದನದ ಸಂತೆಗೆ ಹೋಗುವಾಗ ಒಮ್ಮೊಮ್ಮೆ ನಮ್ಮಿಬ್ಬರನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವವರಿರಲಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಹಿಡಿದುಕೊಳ್ಳುತ್ತಿದ್ದರು. ಹೆಗಲ ಮೇಲಿನ ವಲ್ಲಿ ತೆಗೆದು ಆ ಕೈಗಳ ಮೇಲೆ ಹೊದಿಸುತ್ತಿದ್ದರು. ಬಟ್ಟೆಯ ಕೆಳಗೆ ಬೆರಳು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತಿತ್ತು. ಆ ಮುಖಗಳು ಮಳೆಯ ಸುದ್ದಿ, ಕಬ್ಬಿನ ಸುದ್ದಿ ಆಡುತ್ತಿದ್ದವು. ಬಟ್ಟೆ ಸರಿಸಿದ ಮೇಲೆ ಆ ಬೆಲೆಯನ್ನು ಮೂರನೆಯವರ ಮುಂದೆ ಆಡಬಾರದು. ಅದು ಸಂತೆಯ ಮರ್ಯಾದೆ.

ಪೇಟಿಯೂ ಹಾಗೇ ಬಂದದ್ದು. ಬನಹಟ್ಟಿಯಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯೊಂದು ಮುರಿದುಬಿದ್ದಾಗ ಅದರ ಮಾಲೀಕನ ಕೈಯನ್ನು ಅಪ್ಪ ವಲ್ಲಿಯ ಕೆಳಗೆ ಹಿಡಿದಿದ್ದನಂತೆ. ಎಷ್ಟು ಕೊಟ್ಟ ಎಂದು ಅವ್ವ ಸಾಯುವವರೆಗೆ ಕೇಳಿದಳು. ‘ವಲ್ಲಿ ತಗದ ಮ್ಯಾಲ ಮುಗೀತ, ಮತ್ತೇನ ಕೇಳ್ತಿ’ ಎಂದು ಅಪ್ಪ ಅದೇ ಪೇಟಿಯ ಮುಂದೆ ಕೂತು ಸ್ವರ ಹಿಡಿಯುತ್ತಿದ್ದ.

ಆ ಮಧ್ಯಾಹ್ನ ಅಣ್ಣ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಅಪ್ಪನ ಹಾಗೆಯೇ ಒಮ್ಮೆ ಝಾಡಿಸಿ, ನನ್ನ ಕೈಯ ಮೇಲೆ ಹೊದಿಸಿದ.

‘ಹೇಳು. ಎಷ್ಟ ಇಟ್ಟಿ?’

ನಾವು ಪೇರಲ ಹಣ್ಣನ್ನು ಎತ್ತು ಮಾಡಿಕೊಂಡು ಆಡುತ್ತಿದ್ದ ಸಂತೆಯಾಟ ನೆನಪಾಯಿತು. ನಗು ಬಂತು. ನಮ್ಮ ಯಜಮಾನರಿಗೂ ಹೇಳದ ಬೆಲೆಯನ್ನು ಅವನ ಬೆರಳುಗಳಿಗೆ ಹೇಳಿದೆ. ಮೊದಲು ಏಳು, ಆಮೇಲೆ ಐದು. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು, ಅಪ್ಪನ ಅಂಗೈಯ ಹಾಗೇ ಇತ್ತು. ಅವನು ಸಿಳ್ಳೆ ಹಾಕಿದ.

‘ಎಪ್ಪತ್ತೈದ ಸಾವಿರ! ಯಾವ ಹುಚ್ಚ ತಗೊಳ್ತಾನ ಬೇ ಇಷ್ಟಕ್ಕ?’

‘ಯಾರೂ ತಗೋಬಾರ್ದಂತನ ಇಟ್ಟೇನಿ’ ಎಂದೆ.

ಬೆಲೆಯ ಜೊತೆಗೆ ಅದನ್ನೂ ಹೇಳಿಬಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತ ಕೈ ಬಿಡಲು ತುಸು ತಡ ಮಾಡಿದ. ಅದನ್ನು ಪ್ರೀತಿ ಎಂದುಕೊಂಡೆ.

ಪ್ರೀತಿ ಎಂದುಕೊಳ್ಳಲು ನನಗೆ ಕಾರಣವೂ ಇತ್ತು. ಅದಕ್ಕೆ ಎರಡು ವಾರ ಮೊದಲು ನನಗೆ ಹಲ್ಲುನೋವು. ರಬಕವಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ, ಇಡೀ ದಿನ ಆಗುತ್ತದೆ ಎಂದು ಹಿಂದಿನ ದಿನ ಫೋನಿನಲ್ಲಿ ಅಣ್ಣನಿಗೆ ಹೇಳಿದ್ದೆ. ಸಂಜೆ ಊದಿದ ಗಲ್ಲ ಹಿಡಿದುಕೊಂಡು ಮನೆಗೆ ಬಂದರೆ ಪೇಟಿಯ ಮೇಲೆ ಹೊಸ ಬೆಲ್ಲದ ಪೆಂಟೆ. ಪಕ್ಕದ ಮನೆಯ ಅಕ್ಕನ ಹತ್ತಿರ ನಮ್ಮ ಮನೆಯ ಇನ್ನೊಂದು ಕೀಲಿ ಇರುತ್ತದೆ. ‘ನಿಮ್ಮ ಅಣ್ಣಾರು ಬಂದಿದ್ರು, ಬೆಲ್ಲಾ ಇಟ್ಟು ಹೋದ್ರು’ ಎಂದು ಅವರು ಹೇಳಿದ್ದರು. ಹಲ್ಲುನೋವಿನವಳಿಗೆ ಬೆಲ್ಲ! ಹೇಳಿದ್ದು ಮರೆತೇಬಿಟ್ಟಿದ್ದಾನೆ ಎಂದು ನೋವಿನಲ್ಲೂ ನಕ್ಕಿದ್ದೆ. ಪೇಟಿಯ ಮೇಲೆ ಹೊದಿಸುವ ಹೂವಿನ ಗಲೀಫು ಅಂದು ಒಳಹೊರಗಾಗಿತ್ತು, ಹೊಲಿಗೆಯ ಮಗ್ಗುಲು ಮೇಲೆ ಬಂದಿತ್ತು. ನಮ್ಮವರು ದೂಳು ಒರೆಸಿರಬೇಕು ಎಂದು ಅದನ್ನು ಸರಿಮಾಡಿ ಹೊದಿಸಿದೆ. ಆ ಬೆಲ್ಲವನ್ನು ಬೇರೆಯವರಿಗೆ ಕೊಡಲು ಮನಸ್ಸಾಗದೆ, ಹಲ್ಲು ವಾಸಿಯಾದ ಮೇಲೆ ಚಹಾಕ್ಕೆ ಅದನ್ನೇ ಹಾಕತೊಡಗಿದ್ದೆ.

ಹರಾಜು ನಡೆದಷ್ಟು ದಿನವೂ ಬೆಲೆ ಕೆಳಗೇ ಆಡುತ್ತಿತ್ತು. ಯಾರೋ ಒಬ್ಬರು ಬೆರಳಿಟ್ಟು ಒತ್ತುವ ಸ್ವರದ ಮನೆಗಳು ಎಲ್ಲವೂ ನುಡಿಯುತ್ತವೆಯೇ ಎಂದು ಕೇಳಿದ್ದರು. ಒಂದು ಮನೆ ಒತ್ತಿದರೆ ಮೇಲೇಳುವುದಿಲ್ಲ, ಅದಕ್ಕೆ ನಮ್ಮ ತಂದೆ ಬೆಂಕಿಕಡ್ಡಿಯ ಚೂರು ಸಿಕ್ಕಿಸಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ಮತ್ತೆ ಕೇಳಲಿಲ್ಲ. ನನಗೆ ಸಮಾಧಾನವೇ ಆಯಿತು.

ಆ ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಫೋನು ಒರಗಿಸಿಟ್ಟು ರೊಟ್ಟಿ ಬಡಿಯುತ್ತಿದ್ದೆ. ಇನ್ನು ಕೆಲವೇ ನಿಮಿಷ. ಆಮೇಲೆ ಅಣ್ಣನಿಗೆ ಫೋನು ಮಾಡಿ, ‘ಹೋಗಲಿಲ್ಲ ನೋಡಪ್ಪಾ, ಏನ ಮಾಡೂದು’ ಎನ್ನಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಟಣ್ ಎಂದಿತು. ಹಿಟ್ಟಿನ ಕೈಯಲ್ಲೇ ಒತ್ತಿದೆ. ‘ಅಭಿನಂದನೆಗಳು, ನಿಮ್ಮ ವಸ್ತು ಮಾರಾಟವಾಗಿದೆ.’ ಕೆಳಗೆ ಎಪ್ಪತ್ತೈದು ಸಾವಿರ. ಸರಿಯಾಗಿ ಅಷ್ಟೇ. ಮೇಲೊಂದು ರೂಪಾಯಿ ಇಲ್ಲ, ಕೆಳಗೊಂದು ರೂಪಾಯಿ ಇಲ್ಲ.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

‘ಏನ ವಾಸನಿ ಇದು?’ ಎನ್ನುತ್ತ ನಮ್ಮವರು ಒಳಗೆ ಬಂದರು. ನಾನು ಫೋನು ತೋರಿಸಿದೆ.

‘ರೀ, ನಾನು ಇಟ್ಟ ಬೆಲಿ ಯಾರಿಗೂ ಕಾಣೂದಿಲ್ಲಲ್ರೀ. ಅಷ್ಟಕ್ಕಽ ಹೆಂಗ ಬಂತು?’

ಅವರು ಕನ್ನಡಕ ಹುಡುಕಿ ತಂದು ಓದಿದರು. ‘ಅದು ಹಂಗ ಇರತೈತಿ. ಅವ ಲಕ್ಷ ಕೊಡಾಕ ತಯಾರ ಇದ್ದರೂ ಮಿಷನ್ ಮೊದಲ ನಿನ್ನ ರಿಸರ್ವಿಗೆ ತಂದ ನಿಲ್ಲಸತೈತಿ. ಮತ್ತೊಬ್ಬ ಕೇಳಿದ್ರಷ್ಟ ಮ್ಯಾಲ ಏರತೈತಿ. ಮತ್ತ್ಯಾರೂ ಕೇಳಿಲ್ಲ, ನಿಂತೈತಿ. ಛಲೋ ಆತಲ್ಲ?’

ನಿಯಮಗಳಲ್ಲಿ ಆ ಮಾತನ್ನು ನಾನೂ ಓದಿದ್ದೆ. ತಪ್ಪು ಯಾರದೂ ಅಲ್ಲ, ಲೋಕದಲ್ಲಿ ಎಲ್ಲೋ ಒಬ್ಬರಿಗೆ ಈ ಪೇಟಿ ನನ್ನಷ್ಟೇ ಬೇಕಾಗಿತ್ತು ಎಂದುಕೊಂಡೆ. ಯಾರೋ ಸಂಗೀತದವರು ಇರಬೇಕು, ಬಾರಿಸುತ್ತಾರೆ. ಕೊಂಡವರ ಜಾಗದಲ್ಲಿ ಲೋಕಾಪುರ ಎಂದಿತ್ತು. ದೂರವೇನಲ್ಲ, ಒಂದು ದಿನ ಹೋಗಿ ಕೇಳಿ ಬರಬಹುದು. ಅಣ್ಣನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅವನು ಇತ್ತೀಚೆಗೆ ಒಬ್ಬ ಪಾಲುದಾರನ ಜೊತೆ ಲೋಕಾಪುರದ ಕ್ರಾಸಿನಲ್ಲಿ ಹೋಟೆಲು ಕಟ್ಟಿಸುವ ಗದ್ದಲದಲ್ಲಿದ್ದ. ಸಿಮೆಂಟು, ಗಾರೆಯವರು ಎಂದು ಓಡಾಡುತ್ತಿದ್ದ. ಲೋಕಾಪುರ ಎಂಬ ಹೆಸರು ಎರಡು ಸಲ ಮನಸ್ಸಿನಲ್ಲಿ ಬಂದು ಹೋದರೂ ಒಂದಕ್ಕೊಂದು ಕೂಡಿಸಿಕೊಳ್ಳಲಿಲ್ಲ ನಾನು.

ಮಧ್ಯಾಹ್ನವೇ ಟೆಂಪೊ ಬಂತು. ಚಾಲಕ, ಜೊತೆಗೆ ಹಮಾಲಿ ಒಬ್ಬ. ಪೇಟಿ ಕೊಡುವ ಮೊದಲು ಕೊಂಡವರ ಫೋನಿಗೆ ಬಂದ ಸಂಖ್ಯೆಯನ್ನು ಕೇಳಿ ತಾಳೆ ನೋಡಬೇಕು ಎಂಬುದು ಜಾಲತಾಣದ ನಿಯಮ. ಕೇಳಿದೆ. ‘ತಡೀರಿ ಅಕ್ಕಾರ, ಸಾವಕಾರ್ರಿಗೆ ಕೇಳ್ತೇನಿ’ ಎಂದು ಚಾಲಕ ಫೋನಿನ ಸ್ಪೀಕರ್ ಹಾಕಿದ.

‘ಏ, ಕಾಲ ಬಿಚ್ಚಬ್ಯಾಡ್ರಲೇ, ಹಂಗ ಎತ್ರಿ’ ಎಂದಿತು ಅತ್ತಲಿನ ದನಿ. ‘ನನ್ನ ತಂಗಿ ಬಾಜೂಕ ಅದಾಳೇನು? ಇದ್ರ ಸ್ಪೀಕರ್ ಬಂದ್ ಮಾಡು ಮೊದಲ.’

ಚಾಲಕ ನನ್ನ ಮುಖ ನೋಡಿದ. ಪಾಪ, ಅವನಿಗೇನು ಗೊತ್ತು. ನಾನು ಕೈ ಚಾಚಿದೆ. ಅವನು ಫೋನು ಕೊಟ್ಟ.

‘ಅಣ್ಣಾ, ನಾನ.’

ಆ ಕಡೆ ಸಿಮೆಂಟು ಕಲಸುವ ಯಂತ್ರ ಗಡಗಡ ಎನ್ನುತ್ತಿತ್ತು.

‘ಏನ ಬೇ ತಂಗೀ, ಊಟ ಆತೇನು?’

‘ಆತು. ಪೇಟಿ ತಗೊಂಡಾವ ನೀನೇನು?’

‘ನಾ ಎಲ್ಲೆ ತಗೊಂಡೆ? ಹೋಟೆಲ್ ತಗೊಂಡೈತಿ’ ಎಂದು ನಕ್ಕ. ‘ಹೇಳಾಂವನ ಇದ್ದೆ. ಎಲ್ಲಾ ಕುಂಡ್ರಿಸಿ ನಿನ್ನ ಕರಕೊಂಡ ಹೋಗಿ ತೋರಸೂಣಂತ ಮಾಡಿದ್ದೆ.’

‘ಅಲ್ಲೆ ಯಾರ ಬಾರಸ್ತಾರ ಅದನ್ನ?’

‘ಹೋಟೆಲದಾಗ ಬಾರಸಾಕ ಏನ ನಾಟಕ ಐತೇನ ಬೇ? ಒಳಗಿಂದೆಲ್ಲಾ ತಗದು, ಮ್ಯಾಲ ತೂತ ಹೊಡದು, ಕೈ ತೊಳಿಯೂ ಬೇಸಿನ್ ಕುಂಡ್ರಸ್ತೇವಿ. ಪುಣೇದಾಗ ಹಿಂಥಾದ ನೋಡೇನಿ, ಮಂದಿ ನಿಂತ ಫೋಟೋ ಹೊಡ್ಕೋತಾರ. ಮ್ಯಾಲ ಅಪ್ಪನ ಫೋಟೋನೂ ಹಾಕ್ತೇನಿ.’

ಬೆಂಕಿಕಡ್ಡಿಯ ಚೂರು ಕಣ್ಣ ಮುಂದೆ ಬಂತು. ಅದು ಎಲ್ಲಿ ಬೀಳುತ್ತದೆ?

‘ನನ್ನ ಕೇಳಿದ್ರ ಹಂಗ ಕೊಡತಿದ್ನೆಲ್ಲಣ್ಣಾ.’

‘ಹಂಗ ಕೊಟ್ಟ ಮ್ಯಾಲ ದಿನಾ ಕೇಳಾಕಿ ನೀನು. ಒರಸಿಯೇನು, ಮುಚ್ಚಿಯೇನು, ಹೊರಗ ಯಾಕ ಇಟ್ಟಿ ಅಂತ. ಬೇಸಿನ್ನಂದ್ರ ಕೊಡತಿದ್ದಿಯೇನು? ರೊಕ್ಕಾ ಕೊಟ್ಟ ತಗೊಂಡ್ರ ಯಾರೂ ಕೇಳೂ ಹಂಗಿಲ್ಲ. ನೀ ಇಟ್ಟ ಬೆಲಿ ಕೊಟ್ಟೇನಿ. ಕಡಿಮಿ ಕೊಟ್ಟೇನೇನು?’

ಅದರಲ್ಲಿ ಅರ್ಧ ಅವನಿಗೇ ತಿರುಗಿ ಹೋಗುತ್ತದೆ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೂ ಇಲ್ಲ.

‘ವಲ್ಲಿ ಕೆಳಗ ಹೇಳಿದ್ದೆ ಅಣ್ಣಾ’ ಎಂದೆ. ದನಿ ನನಗೇ ಕೇಳಿಸಲಿಲ್ಲ.

‘ಮತ್ತ? ನಾ ಯಾರಿಗರ ಹೇಳೇನೇನು? ಇವತ್ತಿಗೂ ನನ್ನ ಪಾಲುದಾರಗೂ ಹೇಳಿಲ್ಲ.’ ಮತ್ತೆ ನಕ್ಕ. ಥೇಟ್ ಅಪ್ಪನ ನಗು. ‘ವಲ್ಲಿ ಕೆಳಗ ಕೈ ಯಾರ ಕೈಯಾಗ ಕೊಡ್ತಾರ ಹೇಳು? ತಗೊಳ್ಳಾವನ ಕೈಯಾಗಲ್ಲ? ಕಾನ್ವೆಂಟ್ ಕಲತಾಕಿ ನೀನು, ಇಷ್ಟ ಗೊತ್ತಾಗಲಿಲ್ಲೇನು?’

ನಿಜವೇ. ಸಂತೆಯಲ್ಲಿ ಎಷ್ಟು ಸಲ ನೋಡಿದ್ದೆ. ಅಣ್ಣ ತಮ್ಮಂದಿರು, ಬೀಗರು ಯಾರೂ ಆ ಬಟ್ಟೆಯ ಕೆಳಗೆ ಕೈ ಇಡುತ್ತಿರಲಿಲ್ಲ. ಕೊಡುವವನು ಮತ್ತು ಕೊಳ್ಳುವವನು, ಇಬ್ಬರೇ. ಅವನು ಟವೆಲ್ ಹೊದಿಸಿದಾಗ ನಾನು ಅಣ್ಣನ ಕೈ ಎಂದು ಹಿಡಿದದ್ದು ಗಿರಾಕಿಯ ಕೈಯನ್ನು.

ಅವನು ಸಂಖ್ಯೆ ಹೇಳಿದ. ತಾಳೆಯಾಯಿತು. ‘ಎತ್ರಪಾ’ ಎಂದೆ.

ಅವರು ಪೇಟಿಯನ್ನು ಓರೆ ಮಾಡಿದಾಗ ತುಳಿಹಲಗೆಗಳು ತಾವಾಗಿ ಅಲುಗಾಡಿ, ಒಳಗಿನ ಗಾಳಿ ಹುಸ್ ಎಂದು ಹೊರಬಂತು. ಬಲಗಡೆಯ ಜಮಖಾನದ ತುಂಡನ್ನು ಕಿತ್ತುಕೊಳ್ಳೋಣ ಎನಿಸಿ ಒಂದು ಹೆಜ್ಜೆ ಮುಂದೆ ಇಟ್ಟದ್ದೂ ಹೌದು. ಸಣ್ಣ ಮೊಳೆಗಳು, ಚಮಚದ ತುದಿಗೆ ಬರುತ್ತಿದ್ದವು. ಆದರೆ ನಾನು ಹಾಕಿದ ಫೋಟೋದಲ್ಲಿ ಆ ತುಂಡೂ ಇತ್ತು. ಫೋಟೋದಲ್ಲಿ ತೋರಿಸಿದ್ದನ್ನು ಕೊಳ್ಳುವವರಿಗೆ ಕೊಡಬೇಕು. ಹಾಗೆಂದು ಓದಿ, ಒಪ್ಪಿದ್ದೇನೆ ಎಂದು ನಾನೇ ಒತ್ತಿದ್ದೆ. ಬಿಟ್ಟುಕೊಟ್ಟೆ. ಗಲೀಫನ್ನು ಮಾತ್ರ ಇಟ್ಟುಕೊಂಡೆ, ಅದು ಫೋಟೋದಲ್ಲಿರಲಿಲ್ಲ.

ಟೆಂಪೊ ಹೋದ ಮೇಲೆ ಮೂಲೆಯಲ್ಲಿ ನಾಲ್ಕು ಕಾಲಿನ ನಾಲ್ಕು ಗುರುತು ಉಳಿದಿತ್ತು, ಅಲ್ಲಿ ನೆಲದ ಬಣ್ಣವೇ ಬೇರೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ.

ಸಂಜೆಯವರೆಗೆ ಅಣ್ಣನ ಪರವಾಗಿ ನಾನೇ ಮಾತಾಡುತ್ತ ಕೂತೆ. ಅವನಿಗೆ ಮೊದಲಿನಿಂದ ಅಂಥ ಯೋಚನೆ ಇದ್ದಿರಲಿಕ್ಕಿಲ್ಲ. ಹುಳ ಬೀಳುತ್ತದೆ ಎಂದು ಮನಸ್ಸಿಟ್ಟೇ ಹೇಳಿದ್ದ. ಯಾರೂ ಅಷ್ಟು ಬೆಲೆಗೆ ಕೂಗದೆ ಹರಾಜು ಮುಗಿಯುತ್ತ ಬಂದದ್ದು ನೋಡಿ, ಮೂಲೆಯಲ್ಲಿ ಬಿದ್ದಿರುವ ಬದಲು ತನ್ನ ಹೋಟೆಲಿಗೇ ಇರಲಿ ಎಂದು ಕಡೆಯ ಗಳಿಗೆಯಲ್ಲಿ ಹೊಳೆದಿರಬೇಕು. ಗಡಿಬಿಡಿಯ ಮನುಷ್ಯ. ಹಲ್ಲುನೋವಿಗೆ ಬೆಲ್ಲ ತಂದವನು. ಟವೆಲ್ ಹೊದಿಸಿದಾಗಲಂತೂ ಅವನು ಅಣ್ಣನೇ ಆಗಿದ್ದ, ಗಿರಾಕಿಯಾದದ್ದು ಆಮೇಲೆ. ಬೇಸಿನ್ನಿನ ಮಾತನ್ನು ಇನ್ನೂ ತಡೆಯಬಹುದು, ನಾಳೆ ಮುಧೋಳಕ್ಕೆ ಹೋಗಿ ಅತ್ತಿಗೆಯ ಮುಂದೆ ಕೂತು ಕೇಳಿಕೊಳ್ಳಬೇಕು. ಇಷ್ಟು ನಂಬಿದ ಮೇಲೆ ಉಸಿರಾಡುವುದು ಸ್ವಲ್ಪ ಸುಲಭವಾಯಿತು. ಎದ್ದು ಚಹಾಕ್ಕೆ ಇಟ್ಟು ಪೆಂಟೆಯಿಂದ ಬೆಲ್ಲ ಕೆತ್ತತೊಡಗಿದೆ.

ಪಕ್ಕದ ಮನೆಯ ಅಕ್ಕ ಹಿತ್ತಲ ಬಾಗಿಲಿನಿಂದ ಬಂದರು. ಓಣಿಯ ಹೆಂಗಸರ ಜಂಪರು ಹೊಲಿಯುವವರು, ಸೆರಗಿನಲ್ಲಿ ಯಾವಾಗಲೂ ಒಂದೆರಡು ಗುಂಡುಪಿನ್ನು ಇರುತ್ತವೆ. ಬೆಳಿಗ್ಗೆ ಒಯ್ದಿದ್ದ ಕರಿಬೇವಿಗೆ ಬದಲು ಎರಡು ನಿಂಬೆಹಣ್ಣು ತಂದಿದ್ದರು. ಪಡಸಾಲೆಯತ್ತ ಕತ್ತು ಹೊರಳಿಸಿ ನೋಡಿದರು.

‘ಪೇಟಿ ಹೋತೇನ್ರಿ? ಛಲೋ ಆತ ಬಿಡ್ರಿ, ಮನಿ ಅಗಲ ಕಾಣಾಕತ್ತೈತಿ.’

‘ಹೋತ್ರಿ ಅಕ್ಕಾರ. ಚಹಾ ಕುಡದ ಹೋಗ್ರಿ.’

‘ಬ್ಯಾಡ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ.’ ನಿಂಬೆಹಣ್ಣನ್ನು ಕಟ್ಟೆಯ ಮೇಲಿಟ್ಟು ಹೊರಟವರು ಹೊಸ್ತಿಲಲ್ಲಿ ತಿರುಗಿದರು. ‘ಹಾಂ, ನಿಮ್ಮ ಅಣ್ಣಾರಿಗೆ ನನ್ನ ಅಳತಿ ಟೇಪಿಂದು ನೆನಪ ಮಾಡ್ರಿ. ನೀವು ರಬಕವಿಗೆ ಹಲ್ಲ ತೋರಸಾಕ ಹೋದ ದಿನಾ ಪೇಟಿ ಅಳೀಬೇಕಂತ ಇಸ್ಕೊಂಡವ್ರು, ಹಂಗ ಕಿಸೇದಾಗ ಹಾಕ್ಕೊಂಡ ಹೋಗ್ಯಾರ ನೋಡ್ರಿ.’